ಟಿವಿ ಕುಸ್ತಿಯಲ್ಲಿ ಖರೇ ಎಷ್ಟು, ಆಟ ಎಷ್ಟು?

ನಿಮ್ಮ ಪ್ರಶ್ನೆ ಓದಿದೆ. ಹತ್ತು ವರ್ಷದ ಮಗ ಡಬ್ಲ್ಯುಡಬ್ಲ್ಯುಇ ಎಂಬ ಅಮೆರಿಕದ ಟಿವಿ ಕುಸ್ತಿ ನೋಡಿ ತಮ್ಮನನ್ನು ಮಂಚದ ಮೇಲೆ ಎತ್ತಿ ಒಗೆಯುತ್ತಾನೆ, ‘ಅದೆಲ್ಲ ಸುಳ್ಳು ಕಣೋ’ ಅಂದರೆ ನಂಬುವುದಿಲ್ಲ, ಅದರಲ್ಲಿ ಖರೇ ಎಷ್ಟು, ನಾಟಕ ಎಷ್ಟು ಅಂತ ಕೇಳಿದ್ದೀರಿ. ನಾನು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನವನು. ಮನೆಮಾತು ಕನ್ನಡ, ಕುಸ್ತಿಯ ಮಾತು ಅರ್ಧ ಮರಾಠಿ. ಹದಿಮೂರನೇ ವಯಸ್ಸಿನಿಂದ ಹನ್ನೊಂದು ವರ್ಷ ತಾಲೀಮಿನಲ್ಲಿದ್ದೆ. ಎಡಗಿವಿ ಮುದುಡಿಹೋಗಿದೆ. ಟಿವಿಯಲ್ಲಿ ಯಾವ ಕುಸ್ತಿ ಕಂಡರೂ ನನ್ನ ಕಣ್ಣು ಮೊದಲು ಕಾಲಿನ ಕಡೆಗೇ ಹೋಗುತ್ತದೆ.

ಡಬ್ಲ್ಯುಡಬ್ಲ್ಯುಇಯಲ್ಲಿ ಯಾರು ಗೆಲ್ಲಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಬೀಳುವುದು ಮಾತ್ರ ಖರೇ. ಮಗನಿಗೆ ‘ಎಲ್ಲ ಸುಳ್ಳು’ ಅನ್ನಬೇಡಿ. ಸುಳ್ಳಾಗಿದ್ದರೆ ತಮ್ಮನಿಗೆ ಏನೂ ಆಗುವುದಿಲ್ಲ ಅಂತ ಅವನು ಲೆಕ್ಕ ಹಾಕುತ್ತಾನೆ.

ಎತ್ತುವುದನ್ನೇ ತಗೊಳ್ಳಿ. ಎಂಬತ್ತು ಕಿಲೋದ ಪೈಲ್ವಾನ ಮೈ ಸಡಿಲ ಬಿಟ್ಟು ಮಣ್ಣಿಗೆ ಅಂಟಿಕೊಂಡರೆ ಅವನು ನೆನೆದ ಜೋಳದ ಚೀಲ ಇದ್ದ ಹಾಗೆ. ಬೆವರಿಗೆ ಕೈ ಜಾರುತ್ತದೆ, ಸೊಂಟ ಸಿಕ್ಕರೆ ಕಾಲು ಸಿಗುವುದಿಲ್ಲ. ಒಲ್ಲೆ ಅನ್ನುವವನನ್ನು ತಲೆಯ ಮೇಲಿನವರೆಗೂ ಎತ್ತಿ ನಿಲ್ಲಿಸಿದ್ದನ್ನು ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ನೋಡಿಲ್ಲ. ಟಿವಿಯಲ್ಲಿ ನೂರೈವತ್ತು ಕಿಲೋದವರು ಮೇಲೆ ಹೋಗುತ್ತಾರೆ, ಯಾಕೆಂದರೆ ಅವರೇ ಜಿಗಿಯುತ್ತಾರೆ. ಬಾಡಿ ಸ್ಲ್ಯಾಮ್, ಅಂದರೆ ಎತ್ತಿ ಬೆನ್ನ ಮೇಲೆ ಕೆಡವುವ ಪಟ್ಟು, ಬಂದಾಗ ವಿಡಿಯೋ ನಿಧಾನ ಮಾಡಿ ಮಗನಿಗೆ ತೋರಿಸಿ: ಎತ್ತಿಸಿಕೊಳ್ಳುವವನ ಒಂದು ಕೈ ಎತ್ತುವವನ ತೊಡೆಯ ಮೇಲೆ ಊರಿರುತ್ತದೆ. ಅಲ್ಲಿಂದ ಮೈ ಮೇಲಕ್ಕೆ ನೂಕಿಕೊಳ್ಳುತ್ತಾನೆ. ಬೀಳುವಾಗ ಗದ್ದ ಎದೆಗೆ ಒತ್ತಿಕೊಂಡು, ಬೆನ್ನಿನ ಮೇಲ್ಭಾಗ ಅಗಲವಾಗಿ ಕೊಟ್ಟು, ಎರಡೂ ತೋಳು ನೆಲಕ್ಕೆ ಬಡಿಯುತ್ತಾನೆ. ಪೆಟ್ಟು ಒಂದೇ ಕಡೆ ಕೂರದೆ ಮೈತುಂಬ ಹಂಚಿಹೋಗಲಿ ಅಂತ.

ಹಂಚಿಹೋದರೂ ಪೆಟ್ಟು ಪೆಟ್ಟೇ. ಅವರ ರಿಂಗ್ ಅಂದರೆ ಉಕ್ಕಿನ ಚೌಕಟ್ಟು, ಅದರ ಮೇಲೆ ಹಲಗೆ, ತೆಳ್ಳಗಿನ ಫೋಮ್, ಮೇಲೊಂದು ಕ್ಯಾನ್ವಾಸ್. ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಹದ ಮಾಡಿದ ನಮ್ಮ ಅಖಾಡದ ಕೆಂಪು ಮಣ್ಣು ಅದಕ್ಕಿಂತ ಎಷ್ಟೋ ಮೆತ್ತಗೆ. ಹಲಗೆಯ ಕೆಳಗೆ ಮೈಕ್ ಇಟ್ಟು ಸದ್ದು ಹೆಚ್ಚಿಸುತ್ತಾರೆ. ಮುಖಕ್ಕೆ ಗುದ್ದುವಾಗ ಕೇಳುವ ಸದ್ದು ಬಹಳ ಸಲ ಕಾಲು ನೆಲಕ್ಕೆ ಬಡಿದದ್ದು. ಎದೆಗೆ ಅಂಗೈಯಿಂದ ಬಾರಿಸುವುದು ಖರೇ, ಎರಡು ನಿಮಿಷದಲ್ಲಿ ಎದೆ ಕೆಂಪಾಗುವುದನ್ನು ನೀವೇ ನೋಡಬಹುದು. ಹೊಡೆಯಲು ಎತ್ತಿಕೊಳ್ಳುವ ಕುರ್ಚಿಯೂ ಖರೇ ಕಬ್ಬಿಣದ್ದೇ, ಚಪ್ಪಟೆ ಭಾಗ ಬೆನ್ನಿಗೆ ಬೀಳುವ ಹಾಗೆ ಹೊಡೆಯುತ್ತಾರೆ. ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ಡಬ್ಲ್ಯುಡಬ್ಲ್ಯುಇ 2010ರಲ್ಲಿ ನಿಲ್ಲಿಸಿತು. ಹಿಂದೆಲ್ಲ ಹಣೆಯಿಂದ ಸುರಿಯುತ್ತಿದ್ದ ರಕ್ತವೂ ಬಣ್ಣವಲ್ಲ. ಮಣಿಕಟ್ಟಿನ ಪಟ್ಟಿಯಲ್ಲಿ ಬ್ಲೇಡಿನ ಚೂರು ಅಡಗಿಸಿಟ್ಟುಕೊಂಡು ತಾವೇ ಗೀರಿಕೊಳ್ಳುತ್ತಿದ್ದರು. ಕುತ್ತಿಗೆ ಅಮುಕಿ ಹಿಡಿದು ಸುಮ್ಮನೆ ಕೂತಂತೆ ಕಾಣುತ್ತದಲ್ಲ, ಆವಾಗ ಮುಂದಿನ ಪಟ್ಟು ಯಾವುದು ಅಂತ ಪಿಸುಗುಡುತ್ತಿರುತ್ತಾರೆ. ಹೊತ್ತು ಎಷ್ಟು ಉಳಿದಿದೆ ಅಂತ ರೆಫರಿಯ ಕಿವಿಗೆ ತೆರೆಯ ಹಿಂದಿನಿಂದ ಸುದ್ದಿ ಬರುತ್ತದೆ, ಅವನು ಇವರಿಗೆ ದಾಟಿಸುತ್ತಾನೆ.

ಇನ್ನು ಒಂದು ಪಂದ್ಯದ ಬಗ್ಗೆ ಹೇಳಲೇಬೇಕು. 1997ರ ಆಗಸ್ಟ್ 3, ಅಮೆರಿಕದ ನ್ಯೂಜೆರ್ಸಿ. ಸ್ಟೀವ್ ಆಸ್ಟಿನ್ ಎದುರಿಗೆ ಓವನ್ ಹಾರ್ಟ್. ಆಸ್ಟಿನ್ ಗೆಲ್ಲಬೇಕು ಅಂತ ಮಾತಾಗಿತ್ತು. ನಡುವೆ ಓವನ್ ಅವನನ್ನು ತಲೆಕೆಳಗು ಮಾಡಿ ಪೈಲ್‌ಡ್ರೈವರ್ ಹಾಕಿದ. ಈ ಪಟ್ಟಿನಲ್ಲಿ ಕೆಳಗಿನವನ ತಲೆ ಹಾಕುವವನ ತೊಡೆಗಳ ನಡುವೆ ಮೇಲಕ್ಕೇ ಉಳಿಯಬೇಕು, ನೆಲ ತಾಗುವುದು ಹಾಕಿದವನ ಮೈಗೆ ಮಾತ್ರ. ಅವತ್ತು ಆಸ್ಟಿನ್ ತಲೆ ತೊಡೆಗಿಂತ ಕೆಳಗೆ ಇಳಿದಿತ್ತು. ಓವನ್ ಹಾಗೇ ಕೂತುಬಿಟ್ಟ. ಇಡೀ ಭಾರ ಕುತ್ತಿಗೆಯ ಮೇಲೆ ಬಿತ್ತು. ಸ್ವಲ್ಪ ಹೊತ್ತು ಆಸ್ಟಿನ್‌ಗೆ ಕೈಕಾಲು ಸ್ವಾಧೀನದಲ್ಲೇ ಇರಲಿಲ್ಲ. ಓವನ್ ಆಗ ಜನರ ಕಡೆ ತಿರುಗಿ ಅವರನ್ನು ಕೆಣಕುತ್ತ ಹೊತ್ತು ಕಳೆದ. ಆಸ್ಟಿನ್ ತೆವಳಿಕೊಂಡು ಬಂದು ಹಿಂದಿನಿಂದ ಅವನನ್ನು ಉರುಳಿಸಿದ. ಅದರಲ್ಲಿ ಶಕ್ತಿಯೇ ಇರಲಿಲ್ಲ, ಓವನ್ ಮೈ ಕೊಡವಿದ್ದರೆ ಸಾಕಿತ್ತು. ಕೊಡವಲಿಲ್ಲ. ರೆಫರಿ ಮೂರು ಎಣಿಸಿ ಸೋಲು ಸಾರುವವರೆಗೂ ಬೆನ್ನು ಕೊಟ್ಟು ಮಲಗಿದ. ಎಷ್ಟು ಸಲ ನೋಡಿದರೂ ನನ್ನ ಮೈ ಜುಮ್ಮೆನ್ನುತ್ತದೆ. ಆ ಗೆಲುವು ಆಟ, ಆ ಕುತ್ತಿಗೆ ಖರೇ. ಆಸ್ಟಿನ್ 2003ರ ಹೊತ್ತಿಗೆ ಕಾಯಂ ಆಡುವುದನ್ನು ಬಿಡಬೇಕಾಯಿತು.

ಓವನ್ ಕಥೆ ಇನ್ನೂ ದುಃಖದ್ದು. 1999ರ ಮೇ 23ರಂದು ಕನ್ಸಾಸ್ ಸಿಟಿಯಲ್ಲಿ ಅವನನ್ನು ಸಭಾಂಗಣದ ಮಾಡಿನಿಂದ ತಂತಿ ಕಟ್ಟಿ ಇಳಿಸುವ ಏರ್ಪಾಡಿತ್ತು. ಕೊಂಡಿ ಬಿಚ್ಚಿಕೊಂಡು ಸುಮಾರು 24 ಮೀಟರ್ ಎತ್ತರದಿಂದ ಬಿದ್ದು ತೀರಿಹೋದ. ಇದು ಆಟದ ಭಾಗವಲ್ಲ ಅಂತ ವೀಕ್ಷಕ ವಿವರಣೆಗಾರ ಟಿವಿಯಲ್ಲಿ ಬಾಯಿಬಿಟ್ಟು ಹೇಳಬೇಕಾಯಿತು.

‘ಮೊದಲೇ ನಿಶ್ಚಯ ಮಾಡಿದರೆ ಅದು ಮೋಸ ಅಲ್ಲವಾ’ ಅಂತ ಮಗ ಕೇಳಬಹುದು. ಇದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ನಮ್ಮ ಕಡೆ ಒಳಗಿಂದೊಳಗೆ ಮಾತಾಡಿಕೊಂಡು ಆಡುವ ಕುಸ್ತಿಗೆ ನೂರಾ ಕುಸ್ತಿ ಅನ್ನುತ್ತಾರೆ. ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೂ ಬಿಡದೆ ಆಡುವುದು ನಿಕಾಲಿ ಕುಸ್ತಿ. ಇಪ್ಪತ್ತೊಂದು ವರ್ಷದವನಿದ್ದಾಗ ಒಂದು ಊರಿನ ಜಾತ್ರೆಯಲ್ಲಿ ಪಂಚರಲ್ಲೊಬ್ಬರು ಬದಿಗೆ ಕರೆದು, ‘ಹದಿನೈದು ನಿಮಿಷ ಆಡಸ್ರಿ, ಆಮೇಲೆ ಬರೋಬರಿ, ಸಮ ಅಂತ ಬಿಡಸ್ತೀವಿ, ಇನಾಮು ಇಬ್ಬರಿಗೂ ಅರ್ಧರ್ಧ’ ಅಂದರು. ಎದುರಿನ ಹುಡುಗನೂ ಹೂಂ ಅಂದಿದ್ದ. ನಾನೂ ಹೂಂ ಅಂದೆ. ಅಖಾಡದ ಬದಿಗೆ ಹಲಗಿ ವಾದ್ಯ ಬಾರಿಸುವವನು ಪಟ್ಟು ನೋಡಿ ಪೆಟ್ಟು ಹಾಕುವವನು, ಕಾಲು ಸಿಕ್ಕಿತು ಅಂದರೆ ಅವನ ಕೈ ಏರುತ್ತದೆ. ಅವತ್ತು ಐದಾರು ನಿಮಿಷಕ್ಕೆ ಅವನ ಕೈ ನಿಂತಿತು. ಹಲಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತ. ಸುತ್ತಲಿನ ಮಂದಿಗಿಂತ ಮೊದಲು ಅವನಿಗೆ ತಿಳಿದಿತ್ತು. ಮುಗಿದ ಮೇಲೆ ನನಗೆ ಕುಸ್ತಿ ಕಲಿಸಿದ ವಸ್ತಾದರ ಕಾಲಿಗೆ ಎರಗಲು ಹೋದೆ. ಅವರು ಒಂದು ಮಾತೂ ಆಡದೆ ಕಾಲು ಹಿಂದಕ್ಕೆ ತಗೊಂಡರು. ಅದಕ್ಕಿಂತ ದೊಡ್ಡ ಪೆಟ್ಟು ನನಗೆ ಅಖಾಡದಲ್ಲಿ ಬಿದ್ದಿಲ್ಲ.

ಅದು ಮೋಸ. ಜನ ನಿಕಾಲಿ ಅಂತ ನಂಬಿ ಬಿಸಿಲಲ್ಲಿ ಕೂತಿದ್ದರು. ಅಮೆರಿಕದವರೂ ಬಹಳ ಕಾಲ ಹಾಗೇ ನಂಬಿಸಿದ್ದರು. ರಿಂಗಿನಲ್ಲಿ ವೈರಿಗಳಾದವರು ಹೊರಗೆ ಒಟ್ಟಿಗೆ ಕಾಣಿಸಿಕೊಳ್ಳಬಾರದು ಅಂತಲೇ ಕಟ್ಟುಪಾಡಿತ್ತು. 1987ರಲ್ಲಿ ಐರನ್ ಶೇಕ್ ಮತ್ತು ಜಿಮ್ ಡಗ್ಗನ್ ಎಂಬ ಇಬ್ಬರು ‘ವೈರಿಗಳು’ ಇದೇ ನ್ಯೂಜೆರ್ಸಿಯಲ್ಲಿ ಒಂದೇ ಕಾರಿನಲ್ಲಿ ಪೊಲೀಸರ ಕೈಗೆ ಸಿಕ್ಕು ದೊಡ್ಡ ಸುದ್ದಿಯಾಯಿತು. 1989ರಲ್ಲಿ ಕ್ರೀಡಾ ಮಂಡಳಿಯ ಹಿಡಿತ ತಪ್ಪಿಸಿಕೊಳ್ಳಲು ಈಗಿನ ಡಬ್ಲ್ಯುಡಬ್ಲ್ಯುಇಯನ್ನು ಆಗ ನಡೆಸುತ್ತಿದ್ದ ವಿನ್ಸ್ ಮೆಕ್‌ಮಹನ್ ಕಂಪನಿಯವರು ಅದೇ ರಾಜ್ಯದ ಸೆನೆಟ್ ಮುಂದೆ ‘ನಮ್ಮದು ಮನರಂಜನೆ’ ಅಂತ ಒಪ್ಪಿಕೊಂಡರು. ಆ ಸುದ್ದಿ ಜತ್ತಿಗೆ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು ಬಿಡಿ. ಅಂಡರ್‌ಟೇಕರ್ ಎಂಬ ಅವರ ಪೈಲ್ವಾನನಿಗೆ ಏಳು ಜೀವ ಅಂತ ನಾವು ಅವರ ಚಿತ್ರವಿದ್ದ ಟ್ರಂಪ್ ಕಾರ್ಡ್ ಹಿಡಿದು ಆಣೆ ಮಾಡುತ್ತಿದ್ದೆವು. ಹೇಳಿ ಆಡುವವರನ್ನು ನಾನು ಮೋಸಗಾರರು ಅನ್ನುವುದಿಲ್ಲ. ಅವರಲ್ಲಿ ನಿಜವಾದ ಕುಸ್ತಿಪಟುಗಳೂ ಇದ್ದಾರೆ. ಕರ್ಟ್ ಆಂಗಲ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 100 ಕಿಲೋ ಫ್ರೀಸ್ಟೈಲ್ ಚಿನ್ನ ಗೆದ್ದವನು.

ಮಗನನ್ನು ಕೂರಿಸಿಕೊಂಡು ಆ ತೊಡೆಯ ಮೇಲಿನ ಕೈ ತೋರಿಸಿ. ಎತ್ತುವವನು ಬೀಳುವವನ ಕುತ್ತಿಗೆ ಕಾಯುತ್ತಿದ್ದಾನೆ, ಬೀಳುವವನು ಬೀಳುವುದನ್ನು ವರ್ಷಗಟ್ಟಲೆ ಕಲಿತಿದ್ದಾನೆ, ನಿನಗೂ ತಮ್ಮನಿಗೂ ಎರಡೂ ಬರುವುದಿಲ್ಲ ಅಂತ ಹೇಳಿ. ತಲೆಕೆಳಗು ಹಿಡಿಯುವುದನ್ನಂತೂ ಇವತ್ತೇ ನಿಲ್ಲಿಸಿ. ಅವನಿಗೆ ಅಷ್ಟು ಆಸೆ ಇದ್ದರೆ ಹತ್ತಿರದ ಗರಡಿಮನೆಗೆ ಸೇರಿಸಿ. ಮೊದಲ ಎರಡು ವಾರ ಗುದ್ದಲಿ ಕೊಟ್ಟು ಬರೀ ಮಣ್ಣು ಅಗೆಸುತ್ತಾರೆ, ಬೇಸರಪಟ್ಟು ಬಿಟ್ಟು ಬರಬೇಡ ಅಂತ ಮೊದಲೇ ಹೇಳಿ ಕಳಿಸಿ.