ಪ್ಯಾರಿಸ್ ಮ್ಯೂಸಿಯಂ ಪಾಸ್ ತಗೊಂಡರೆ ನಿಜವಾಗಲೂ ದುಡ್ಡು ಉಳಿಯುತ್ತಾ?

ಪ್ಯಾರಿಸ್ಸಿನ ಹಲವು ಮ್ಯೂಸಿಯಂ, ಸ್ಮಾರಕಗಳಿಗೆ ಒಂದೇ ಟಿಕೆಟ್ ಈ ಪಾಸ್. ದಿನಕ್ಕೆ ಎರಡು ಮೂರು ಜಾಗ ನೋಡುವವರಿಗೆ ಸಾಮಾನ್ಯವಾಗಿ ಉಳಿಯುತ್ತದೆ. ಒಂದೇ ಮ್ಯೂಸಿಯಂನಲ್ಲಿ ನಿಧಾನವಾಗಿ ದಿನ ಕಳೆಯುವವರಿಗೆ ಬಿಡಿ ಟಿಕೆಟ್ಟೇ ವಾಸಿ.

ಯಾಕೆಂದರೆ ನೀವು ದುಡ್ಡು ಕೊಡುವುದು ಗಂಟೆಗಳಿಗೆ. ಪಾಸ್ ಸಿಗುವುದು 48, 96 ಅಥವಾ 144 ಗಂಟೆಗೆ. ಮೊದಲ ಬಾಗಿಲಲ್ಲಿ ಸ್ಕ್ಯಾನ್ ಆದ ಕ್ಷಣದಿಂದ ಲೆಕ್ಕ ಶುರು. ನೀವು ಮಲಗಿದ್ದರೂ, ಮ್ಯೂಸಿಯಂ ಮುಚ್ಚಿದ್ದರೂ ಅದು ನಿಲ್ಲುವುದಿಲ್ಲ.

ಸೋಮವಾರ ಶುರು ಮಾಡಿದಿರಿ ಅಂದುಕೊಳ್ಳಿ. ಅವತ್ತು ಓರ್ಸೇ ಮ್ಯೂಸಿಯಂಗೂ ವರ್ಸೈ ಅರಮನೆಗೂ ರಜೆ. ಮಂಗಳವಾರ ಲೂವ್ರ್, ಓರಾಂಜೆರಿ ಮ್ಯೂಸಿಯಂಗಳೆರಡೂ ಬಂದ್. 48 ಗಂಟೆಯ ಪಾಸ್‌ನಲ್ಲಿ ಅರ್ಧ ಸಮಯ ಸುಮ್ನೆ ಹೋದಂತೆ, ಅಲ್ವಾ? ಬುಧವಾರ ಶುರು ಮಾಡಿದರೆ ನಾಲ್ಕೂ ತೆರೆದಿರುತ್ತವೆ. ಗುರುವಾರ ಓರ್ಸೇ ರಾತ್ರಿ 9:45ರವರೆಗೂ ಇರುತ್ತದೆ. ಕಾಲು ಸೋತರೆ ಸಂಜೆ ಆರಕ್ಕೆ ಹೋದರೂ ಆಯಿತು.

ಹಾಗಾಗಿ ಖಂಡಿತ ನೋಡಲೇಬೇಕಾದ ಜಾಗಗಳನ್ನಷ್ಟೇ ಬರೆದು, ಅವುಗಳ ಟಿಕೆಟ್ ದರ ಕೂಡಿಸಿ, ಪಾಸ್ ಬೆಲೆಗೆ ಹೋಲಿಸಿ. 'ಟೈಮ್ ಸಿಕ್ಕರೆ ನೋಡೋಣ' ಅನ್ನುವಂಥವನ್ನು ದಯವಿಟ್ಟು ಸೇರಿಸಬೇಡಿ. ಐಫೆಲ್ ಗೋಪುರ ಈ ಪಾಸ್‌ನಲ್ಲಿ ಇಲ್ಲ. ಮಕ್ಕಳಿಗೆ ಕೊಳ್ಳುವ ಅಗತ್ಯವೂ ಇಲ್ಲ. 18 ತುಂಬದವರಿಗೆ ಲೂವ್ರ್, ಓರ್ಸೇ ಎರಡೂ ಉಚಿತ.

ಪಾಸ್ ಇದ್ದರೂ ಲೂವ್ರ್‌ಗೆ ಹೋಗುವ ಸಮಯವನ್ನು ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು. ಪಾಸ್ ಕೊಳ್ಳುವ ಮುಂಚೆ ಆ ದಿನ ಜಾಗ ಖಾಲಿ ಇದೆಯಾ ನೋಡಿಕೊಳ್ಳಿ.