ಓದುಗರ ಪ್ರಶ್ನೆ: ಎಕ್ಸೆಲ್‌ನಲ್ಲಿ ಆ್ಯಡ್-ಇನ್ ಎಲ್ಲಿ ಅಡಗಿದೆ?

ಪ್ರಶ್ನೆ: ಹನ್ನೆರಡು ವರ್ಷದ ಮಳೆ ಲೆಕ್ಕವನ್ನೂ ಆಯಾ ವರ್ಷದ ಅಡಿಕೆ ಫಸಲನ್ನೂ ಎಕ್ಸೆಲ್‌ಗೆ ಏರಿಸಿದ್ದೇನೆ. ಎರಡಕ್ಕೂ ಎಷ್ಟು ಸಂಬಂಧವಿದೆ ನೋಡಬೇಕು. ‘ಡೇಟಾ ಟ್ಯಾಬ್‌ನಲ್ಲಿ ಡೇಟಾ ಅನಾಲಿಸಿಸ್ ಒತ್ತಿ’ ಎಂದು ಪುಸ್ತಕ ಹೇಳುತ್ತದೆ. ನನ್ನ ಕಂಪ್ಯೂಟರಿನಲ್ಲಿ ಆ ಗುಂಡಿಯೇ ಇಲ್ಲ. ದುಡ್ಡು ಕೊಟ್ಟು ತರಿಸಬೇಕೇ?
– ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು

ಉತ್ತರ: ಬೇಡ. ಆ ಗುಂಡಿ ಒಂದು ಆ್ಯಡ್-ಇನ್, ಅಂದರೆ ಎಕ್ಸೆಲ್‌ಗೆ ಹೆಚ್ಚಿನ ಕೆಲಸ ಕಲಿಸುವ ಸೇರ್ಪಡೆ. ಅದು ಎಕ್ಸೆಲ್ ಜೊತೆಗೇ ಬಂದು ನಿಮ್ಮ ಕಂಪ್ಯೂಟರಿನಲ್ಲಿ ಕೂತಿದೆ, ಚಾಲೂ ಮಾಡಿಲ್ಲ ಅಷ್ಟೆ. ಫೈಲ್, ಆಪ್ಶನ್ಸ್, ಆ್ಯಡ್-ಇನ್ಸ್ ಎಂದು ಹೋಗಿ. ಆ ಪುಟದ ತೀರ ಕೆಳಗೆ ‘ಮ್ಯಾನೇಜ್’ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ‘ಎಕ್ಸೆಲ್ ಆ್ಯಡ್-ಇನ್ಸ್’ ಇಟ್ಟುಕೊಂಡು ಪಕ್ಕದ ‘ಗೋ’ ಒತ್ತಬೇಕು. ಬಹಳ ಜನ ಮೇಲಿನ ಉದ್ದನೆಯ ಪಟ್ಟಿಯಲ್ಲೇ ಹೆಸರು ಒತ್ತಿ ಒತ್ತಿ ಸುಸ್ತಾಗುತ್ತಾರೆ. ಅದು ಬರೀ ತೋರಿಸುವ ಪಟ್ಟಿ, ಅಲ್ಲಿ ಏನೂ ಚಾಲೂ ಆಗುವುದಿಲ್ಲ. ‘ಗೋ’ ಒತ್ತಿದಾಗ ಬರುವ ಚಿಕ್ಕ ಕಿಟಕಿಯಲ್ಲಿ ‘ಅನಾಲಿಸಿಸ್ ಟೂಲ್‌ಪ್ಯಾಕ್’ ಎದುರು ಟಿಕ್ ಹಾಕಿ ಓಕೆ ಕೊಡಿ. ‘ವಿಬಿಎ’ ಬಾಲವಿರುವ ಇನ್ನೊಂದು ಹೆಸರು ಮ್ಯಾಕ್ರೋ (ಎಕ್ಸೆಲ್ ಒಳಗೆ ಓಡುವ ಚಿಕ್ಕ ಪ್ರೋಗ್ರಾಮ್) ಬರೆಯುವವರಿಗೆ, ಅದನ್ನು ಬಿಡಿ. ಡೇಟಾ ಟ್ಯಾಬ್‌ನ ಬಲತುದಿಯಲ್ಲಿ ಗುಂಡಿ ಬಂದಿರುತ್ತದೆ. ಮ್ಯಾಕ್ ಆದರೆ ಟೂಲ್ಸ್ ಮೆನುವಿನಲ್ಲಿ ‘ಎಕ್ಸೆಲ್ ಆ್ಯಡ್-ಇನ್ಸ್’.

ಈಗ ನಿಜವಾದ ಕೆಲಸ. ಆ ಗುಂಡಿ ಒತ್ತಿ, ಮಳೆ ಬದಲಾದಂತೆ ಫಸಲು ಎಷ್ಟು ಬದಲಾಗುತ್ತದೆಂದು ಲೆಕ್ಕ ಹಾಕುವ ‘ರಿಗ್ರೆಶನ್’ ಆರಿಸಿದಾಗ ವೈ ರೇಂಜ್‌ಗೆ ಫಸಲಿನ ಕ್ವಿಂಟಲ್, ಎಕ್ಸ್ ರೇಂಜ್‌ಗೆ ಮಳೆಯ ಮಿಲಿಮೀಟರ್ ಕೊಡಿ. ತಲೆಬರಹದ ಸಾಲನ್ನೂ ಸೇರಿಸಿ ಎಳೆದಿದ್ದರೆ ‘ಲೇಬಲ್ಸ್’ ಟಿಕ್ ಬೇಕೇ ಬೇಕು. ‘ನಾನ್-ನ್ಯೂಮರಿಕ್ ಡೇಟಾ’ ಎಂದು ತಕರಾರು ತೆಗೆದರೆ ಯಾವುದೋ ಮನೆಯಲ್ಲಿ (ಸೆಲ್‌ನಲ್ಲಿ) ಅಂಕಿಯ ಬದಲು ಅಡ್ಡಗೆರೆ ಇದೆ, ಇಲ್ಲವೇ ‘120 ಮಿ.ಮೀ.’ ಎಂದು ಅಕ್ಷರ ಸೇರಿದೆ, ಇಲ್ಲವೇ ಮನೆ ಖಾಲಿ ಇದೆ. ದಿನದ ಲೆಕ್ಕದಲ್ಲಿ ಮಳೆ ಬಾರದ ದಿನಕ್ಕೆ 0 ಬರೆಯಿರಿ. ಅಳೆಯದ ದಿನಕ್ಕೆ ಮಾತ್ರ 0 ಬರೆಯಬೇಡಿ, ಎರಡೂ ಒಂದೇ ಅಲ್ಲ. ಮುಂದೆ ಯಾವುದಾದರೂ ವರ್ಷದ ಮಳೆ ತಿದ್ದಿದರೆ ಟೂಲ್‌ಪ್ಯಾಕ್ ಕೊಟ್ಟ ಕೋಷ್ಟಕ ತಾನಾಗಿ ಬದಲಾಗುವುದಿಲ್ಲ. ಅದು ಆ ಹೊತ್ತಿನ ಅಚ್ಚು, ಮತ್ತೆ ಓಡಿಸಬೇಕು. ತಾನಾಗಿ ಬದಲಾಗಬೇಕೆಂದರೆ ‘ಕೋರೆಲ್’ (CORREL), ‘ಲೈನೆಸ್ಟ್’ (LINEST) ಸೂತ್ರಗಳೇ ವಾಸಿ. ಅವಕ್ಕೆ ಆ್ಯಡ್-ಇನ್ ಬೇಕಿಲ್ಲ.

ಇನ್ನೊಂದು. ಅಡಿಕೆ ಉದುರಿಸುವ ಕೊಳೆ ರೋಗ ಕೂರುವುದು ಮಳೆಗಾಲದಲ್ಲಿ, ಹಾಗಾಗಿ ಇಡೀ ವರ್ಷದ ಮೊತ್ತಕ್ಕಿಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೊತ್ತ ಹಾಕಿ ನೋಡುವುದು ಲೇಸು. ಹನ್ನೆರಡೇ ಸಾಲು ಇರುವಾಗ ಮಳೆ, ಗೊಬ್ಬರ, ಬೋರ್ಡೋ (ಕೊಳೆ ರೋಗಕ್ಕೆ ಹೊಡೆಯುವ ಔಷಧಿ) ಸಿಂಪಡಣೆ ಎಂದು ನಾಲ್ಕೈದು ಕಂಬಸಾಲು ತುರುಕಿದರೆ ಉತ್ತರ ಚಂದವಾಗಿ ಬರುತ್ತದೆ, ನಂಬುವಂತಿರುವುದಿಲ್ಲ.

ಪ್ರಶ್ನೆ: ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಆ್ಯಡ್-ಇನ್ ಒಂದನ್ನು ಇಳಿಸಿಕೊಂಡು ಬಿಲ್ ಮಾಡಿದೆ. ಮನೆಯಲ್ಲಿ ಸರಿ ಇತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದು ಮೊತ್ತ ತಿದ್ದಿದ್ದೇ ತಡ ‘#ನೇಮ್?’ ಎಂದು ಬಂತು.
– ಲೆಕ್ಕ ಬರೆಯುವವರು, ಕುಮಟಾ

ಉತ್ತರ: ಫೈಲ್ ನಿಮ್ಮ ಜೊತೆ ಬಂತು, ಆ್ಯಡ್-ಇನ್ ಮನೆಯಲ್ಲೇ ಉಳಿಯಿತು. ಆ್ಯಡ್-ಇನ್ ಚಾಲೂ ಆಗುವುದು ಒಂದು ಕಂಪ್ಯೂಟರಿಗೆ, ಒಂದು ಫೈಲಿಗಲ್ಲ. ಅಂಗಡಿಯಲ್ಲೂ ಹಾಕಬೇಕು.

ಅದರ ಫೈಲ್ ‘ಎಕ್ಸ್‌ಎಲ್‌ಎಎಂ’ ಎಂದು ಕೊನೆಯಾಗುತ್ತದೆ. ಇಂಟರ್ನೆಟ್ಟಿನಿಂದ ಬಂದ ಫೈಲನ್ನು ವಿಂಡೋಸ್ ಗುರುತು ಹಾಕಿ ಇಟ್ಟಿರುತ್ತದೆ, ಎಕ್ಸೆಲ್ ಅದನ್ನು ಸದ್ದಿಲ್ಲದೆ ತಡೆಯುವುದೂ ಉಂಟು. ಆದ್ದರಿಂದ ಮೊದಲು ಫೈಲಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ ‘ಅನ್‌ಬ್ಲಾಕ್’ ಟಿಕ್. ಬರೆದವರು ಯಾರೆಂದು ಗೊತ್ತಿದ್ದರೆ ಮಾತ್ರ ಈ ಟಿಕ್ ಹಾಕಿ. ಅದರೊಳಗಿರುವುದು ಮ್ಯಾಕ್ರೋ, ಅದು ನಿಮ್ಮ ಕಡತಗಳನ್ನೂ ಮುಟ್ಟಬಲ್ಲದು. ಆಮೇಲೆ ಮೇಲೆ ಹೇಳಿದ ಚಿಕ್ಕ ಕಿಟಕಿಯಲ್ಲಿ ‘ಬ್ರೌಸ್’ ಒತ್ತಿದರೆ ಎಕ್ಸೆಲ್ ಸಾಮಾನ್ಯವಾಗಿ ತನ್ನದೇ ‘ಆ್ಯಡ್‌ಇನ್ಸ್’ ಫೋಲ್ಡರ್ ತೆರೆಯುತ್ತದೆ. ಫೈಲನ್ನು ಅಲ್ಲಿಗೇ ನಕಲು ಮಾಡಿ ಆರಿಸಿ. ಪೆನ್ ಡ್ರೈವ್‌ನಿಂದಲೇ ಆರಿಸಿದರೆ ಡ್ರೈವ್ ಕಿತ್ತ ದಿನ ಅದೂ ಹೋಯಿತು. ಬರೀ ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಮುಚ್ಚುವವರೆಗೆ ಮಾತ್ರ ಬಾಳಿಕೆ.

ಹಾಕಿದ ಮೇಲೂ ಸೂತ್ರದೊಳಗೆ ಮನೆಯ ಕಂಪ್ಯೂಟರಿನ ಉದ್ದನೆಯ ದಾರಿ ಕಾಣುತ್ತಿದ್ದರೆ, ಡೇಟಾ ಟ್ಯಾಬ್‌ನ ‘ಎಡಿಟ್ ಲಿಂಕ್ಸ್’ನಲ್ಲಿ (ಹೊಸ ಎಕ್ಸೆಲ್‌ನಲ್ಲಿ ಅದರ ಹೆಸರು ‘ವರ್ಕ್‌ಬುಕ್ ಲಿಂಕ್ಸ್’) ‘ಚೇಂಜ್ ಸೋರ್ಸ್’ ಒತ್ತಿ ಇಲ್ಲಿಯ ಫೈಲ್ ತೋರಿಸಿ. ಗಿರಾಕಿಗೆ ಬಿಲ್ ಕಳಿಸುವಾಗ ಇದೆಲ್ಲ ಬೇಡ. ಅಕ್ಷರದ ಮೊತ್ತವಿರುವ ಸೆಲ್ಲನ್ನು ಕಾಪಿ ಮಾಡಿ ಅಲ್ಲೇ ‘ಪೇಸ್ಟ್ ವ್ಯಾಲ್ಯೂಸ್’ ಮಾಡಿ ಕಳಿಸಿ.

ಬಿಲ್ ಕೊಡುವ ಮುಂಚೆ 1,25,000 ಹೊಡೆದು ನೋಡಿ. ‘ಒನ್ ಲ್ಯಾಕ್’ ಬದಲು ‘ಒನ್ ಹಂಡ್ರೆಡ್ ಟ್ವೆಂಟಿ ಫೈವ್ ಥೌಸಂಡ್’ ಎಂದು ಬಂದರೆ ಅದು ಡಾಲರ್ ಲೆಕ್ಕಕ್ಕೆ ಬರೆದದ್ದು.

ಪ್ರಶ್ನೆ: ಫೋನಿನ ಎಕ್ಸೆಲ್‌ನಲ್ಲಿ ಟೂಲ್‌ಪ್ಯಾಕ್, ಸಾಲ್ವರ್ ಹಾಕುವುದು ಹೇಗೆ?
– ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಆಗುವುದಿಲ್ಲ. (ಸಾಲ್ವರ್ ಎಂದರೆ ನೀವು ಹಾಕಿದ ಷರತ್ತಿನೊಳಗೆ ಅತ್ಯುತ್ತಮ ಉತ್ತರ ಹುಡುಕುವ ಆ್ಯಡ್-ಇನ್.) ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲೂ ಈ ಹಳೆಯ ಬಗೆಯ ಆ್ಯಡ್-ಇನ್ ನಡೆಯುವುದಿಲ್ಲ. ಕಂಪ್ಯೂಟರಿನಲ್ಲಿ ಎಕ್ಸೆಲ್ ಇಲ್ಲದಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಸಾಲ್ವರ್ ಟೂಲ್ಸ್ ಮೆನುವಿನಲ್ಲೂ, ರಿಗ್ರೆಶನ್ ಡೇಟಾ ಮೆನುವಿನ ಸ್ಟ್ಯಾಟಿಸ್ಟಿಕ್ಸ್ ಒಳಗೂ ಇದೆ; ಚಾಲೂ ಮಾಡುವ ಕೆಲಸವೇ ಇಲ್ಲ.

ಪ್ರಶ್ನೆ: ಯಾವ ಊರಿಗೆ ಎಷ್ಟು ಪೆಟ್ಟಿಗೆ ಮೀನು ಕಳಿಸಬೇಕೆಂದು ಸಾಲ್ವರ್‌ನಲ್ಲಿ ಲೆಕ್ಕ ಹಾಕುತ್ತೇವೆ. ಒಮ್ಮೆ ಎಕ್ಸೆಲ್ ಕುಸಿದು ಬಿತ್ತು, ಅಂದಿನಿಂದ ಸಾಲ್ವರ್ ನಾಪತ್ತೆ. ಅದಕ್ಕೂ ಮುಂಚೆ ಉತ್ತರ 41.6 ಪೆಟ್ಟಿಗೆ ಎಂದೆಲ್ಲ ಬರುತ್ತಿತ್ತು.
– ಮೀನು ವ್ಯಾಪಾರಿ, ಕಾರವಾರ

ಉತ್ತರ: ಕುಸಿಯಲು ಕಾರಣವೆಂದು ಅನುಮಾನ ಬಂದ ಆ್ಯಡ್-ಇನ್ನನ್ನು ಎಕ್ಸೆಲ್ ತಾನೇ ಬದಿಗಿಡುತ್ತದೆ. ‘ಮ್ಯಾನೇಜ್’ ಪಟ್ಟಿಯಲ್ಲಿ ಈ ಸಲ ‘ಡಿಸೇಬಲ್ಡ್ ಐಟಮ್ಸ್’ ಆರಿಸಿ ‘ಗೋ’ ಒತ್ತಿ. ಅಲ್ಲಿದ್ದರೆ ಆರಿಸಿ ‘ಎನೇಬಲ್’ ಕೊಟ್ಟು, ಎಕ್ಸೆಲ್ ಮುಚ್ಚಿ ತೆರೆಯಿರಿ. ಅಲ್ಲಿಲ್ಲದಿದ್ದರೆ ‘ಎಕ್ಸೆಲ್ ಆ್ಯಡ್-ಇನ್ಸ್’ ಕಿಟಕಿಯಲ್ಲಿ ‘ಸಾಲ್ವರ್ ಆ್ಯಡ್-ಇನ್’ ಟಿಕ್ ತೆಗೆದು ಓಕೆ ಕೊಟ್ಟು, ಮತ್ತೆ ಹಾಕಿ. ಶೀರ್ಷಿಕೆಯಲ್ಲಿ ‘ಸೇಫ್ ಮೋಡ್’ ಎಂದಿದೆಯೇ ಎಂದೂ ನೋಡಿ; ಕಂಟ್ರೋಲ್ ಒತ್ತಿಕೊಂಡು ಎಕ್ಸೆಲ್ ತೆರೆದರೆ ಹಾಗಾಗುತ್ತದೆ, ಆಗ ಆ್ಯಡ್-ಇನ್ ಬರುವುದಿಲ್ಲ.

ಮುಕ್ಕಾಲು ಪೆಟ್ಟಿಗೆ ಬರಬಾರದೆಂದರೆ ಸಾಲ್ವರ್ ಕಿಟಕಿಯಲ್ಲಿ ‘ಆ್ಯಡ್’ ಒತ್ತಿ ಪೆಟ್ಟಿಗೆಯ ಲೆಕ್ಕವಿರುವ ಸೆಲ್‌ಗಳಿಗೆ ‘ಇಂಟ್’ (ಪೂರ್ಣ ಸಂಖ್ಯೆ) ಷರತ್ತು ಹಾಕಿ. ಬಾಡಿಗೆ, ಮಂಜುಗಡ್ಡೆ ಖರ್ಚು ಪೆಟ್ಟಿಗೆಗೆ ಇಷ್ಟು ಎಂದು ನೇರ ಲೆಕ್ಕವಿದ್ದರೆ ವಿಧಾನ ‘ಸಿಂಪ್ಲೆಕ್ಸ್ ಎಲ್‌ಪಿ’. ಆಮೇಲೆ ಆಪ್ಶನ್ಸ್‌ನಲ್ಲಿ ‘ಇಂಟಿಜರ್ ಆಪ್ಟಿಮಾಲಿಟಿ’ 1 ಎಂದಿರುತ್ತದೆ: ಅತ್ಯುತ್ತಮಕ್ಕೆ ಶೇಕಡಾ 1ರಷ್ಟು ಹತ್ತಿರ ಬಂದರೆ ಸಾಕೆಂದು ಅದು ನಿಂತುಬಿಡುತ್ತದೆ. ನಿಮ್ಮಂಥ ಚಿಕ್ಕ ಲೆಕ್ಕಕ್ಕೆ 0 ಮಾಡಿ.