ಪ್ರಶ್ನೋತ್ತರ: ಮಹಡಿಯ ಫೋಲ್ಡರ್ ಕೆಳಗೆ ಯಾಕೆ ತೆರೆಯದು?

ನಮ್ಮದು ತೆರಿಗೆ ಲೆಕ್ಕಪತ್ರದ ಸಣ್ಣ ಆಫೀಸು. ಮಹಡಿಗೆ ವೈಫೈ ಸಿಗುತ್ತಿರಲಿಲ್ಲವೆಂದು ಅಲ್ಲೊಂದು ರೂಟರ್ ಹಾಕಿಸಿದೆವು. ಈಗ ಎರಡೂ ಕಡೆ ಇಂಟರ್ನೆಟ್ ಬರುತ್ತದೆ. ಆದರೆ ಮಹಡಿಯ ಕಂಪ್ಯೂಟರಿನಲ್ಲಿ ಶೇರ್ ಮಾಡಿದ ಫೋಲ್ಡರ್ ಕೆಳಗಿನವಕ್ಕೆ ಸಿಗುತ್ತಿಲ್ಲ. ಯಾಕೆ?
— ಓದುಗರು, ಹಾಸನ

ಎರಡೂ ಕಡೆಯ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ನೋಡಿ. ಕೆಳಗೆ 192.168.1.20, ಮೇಲೆ 192.168.0.12 ಎಂಬಂತೆ ಎರಡು ಬೇರೆ ಸಾಲಿನ ವಿಳಾಸ ಬಂದರೆ ಕಾರಣ ಅಲ್ಲೇ ಇದೆ.

ಯಾವುದೇ ಡೇಟಾ ಕಳಿಸುವ ಮೊದಲು ಕಂಪ್ಯೂಟರ್ ಒಂದೇ ಒಂದು ವಿಷಯ ತೀರ್ಮಾನಿಸುತ್ತದೆ: ತಲುಪಬೇಕಾದವರು ನನ್ನ ಜಾಲದೊಳಗೇ ಇದ್ದಾರೋ, ಹೊರಗಿದ್ದಾರೋ? ಅದಕ್ಕೆ ವಿಳಾಸದ ಎಷ್ಟು ಭಾಗ ಜಾಲದ್ದೆಂದು ಹೇಳುವ ಸಬ್‌ನೆಟ್ ಮಾಸ್ಕ್ ಬೇಕು. ಮಾಸ್ಕ್ 255.255.255.0 ಆಗಿದ್ದರೆ ಮೊದಲ ಮೂರು ಸಂಖ್ಯೆ ಹೊಂದಬೇಕು. 192.168.1.50ರ ಪ್ರಿಂಟರ್ ಹೊಂದುತ್ತದೆ, ಹಾಗಾಗಿ ಒಳಗಿನದು. ಆಗ ಕಂಪ್ಯೂಟರ್ ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ '192.168.1.50 ಯಾರು? ಮ್ಯಾಕ್ ವಿಳಾಸ ಹೇಳಿ' ಎಂದು ಎಆರ್‌ಪಿ ವಿಚಾರಣೆ ಕಳಿಸುತ್ತದೆ (ಮ್ಯಾಕ್ ಎಂದರೆ ಜಾಲಕ್ಕೆ ಸೇರುವ ಯಂತ್ರದ ಗುರುತಿನ ಸಂಖ್ಯೆ). ಪ್ರಿಂಟರ್ ಮಾತ್ರ ಉತ್ತರ ಕೊಡುತ್ತದೆ. ಆಮೇಲೆ ಸ್ವಿಚ್, ಅಂದರೆ ಜಾಲದ ಕೇಬಲುಗಳನ್ನು ಕೂಡಿಸುವ ಪೆಟ್ಟಿಗೆ, ಆ ಮ್ಯಾಕ್ ಇರುವ ಪೋರ್ಟಿಗೆ ಮಾತ್ರ ಡೇಟಾ ತಳ್ಳುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಹೊರಗಿನ ಲೈನ್ ಕಡಿದು ಬಿದ್ದಿದ್ದರೂ ಪ್ರಿಂಟ್ ಬರುತ್ತದೆ. ರೂಟರ್ ಪೆಟ್ಟಿಗೆಯನ್ನೇ ಆಫ್ ಮಾಡಿದರೆ ಮಾತ್ರ ಅದರೊಳಗಿನ ಸ್ವಿಚ್ಚೂ ಸಾಯುತ್ತದೆ. ಆದ್ದರಿಂದ ಎಂಟು ಪೋರ್ಟಿನ ಬೇರೆ ಸ್ವಿಚ್ ಇಟ್ಟು ಅದನ್ನು ಯುಪಿಎಸ್‌ಗೆ ಕೊಡಿ.

ಜಿಎಸ್‌ಟಿ ಪೋರ್ಟಲ್ ತೆರೆಯುವಾಗ ದಾರಿ ಬೇರೆ. ಪೋರ್ಟಲಿನ ಹೆಸರನ್ನು ಡಿಎನ್‌ಎಸ್ ಐಪಿ ವಿಳಾಸವಾಗಿ ಬದಲಿಸಿ ಕೊಡುತ್ತದೆ. ಅದು ಹೊರಗಿನದು. ಆಗ ಕಂಪ್ಯೂಟರ್ ಪೋರ್ಟಲಿನ ಮ್ಯಾಕ್ ಕೇಳುವುದೇ ಇಲ್ಲ, ಗೇಟ್‌ವೇ ಅಂದರೆ ನಿಮ್ಮ ರೂಟರಿನ ಮ್ಯಾಕ್ ಕೇಳುತ್ತದೆ. ಪ್ಯಾಕೆಟ್ಟಿನ ಹೊರಕವರಿನ ಮೇಲೆ ರೂಟರಿನ ಮ್ಯಾಕ್, ಒಳಗಿನ ಕಾಗದದ ಮೇಲೆ ಪೋರ್ಟಲಿನ ಐಪಿ. ಪ್ರತಿ ರೂಟರಿನಲ್ಲೂ ಹೊರಕವರು ಹರಿದು ಹೊಸದು ಬರುತ್ತದೆ. ತಲುಪಬೇಕಾದ ಐಪಿ ಹಾಗೇ ಇರುತ್ತದೆ. ನಿಮ್ಮ ರೂಟರ್ ಮಾತ್ರ ಕಳಿಸಿದವರ ಐಪಿಯನ್ನು ತನ್ನದಾಗಿ ಬದಲಿಸಿ, ಯಾವ ಪೋರ್ಟ್ ಸಂಖ್ಯೆ (ಇದು ಕೇಬಲ್ ಹಾಕುವ ತೂತಲ್ಲ, ಪ್ರತಿ ಸಂಪರ್ಕದ ಗುರುತು) ಯಾರದೆಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಇದೇ ನ್ಯಾಟ್. ಪಟ್ಟಿಯಲ್ಲಿ ಇಲ್ಲದ್ದು ಹೊರಗಿನಿಂದ ಬಂದರೆ ಕಸದ ಬುಟ್ಟಿಗೆ.

ನಿಮ್ಮಲ್ಲಿ ಆಗಿರುವುದೂ ಅದೇ. ಎರಡನೇ ರೂಟರ್ ಮಹಡಿಯನ್ನು ಬೇರೆ ಜಾಲ ಮಾಡಿದೆ. ಮೇಲಿನವರು ಕೆಳಗಿನ ಪ್ರಿಂಟರಿಗೆ ಐಪಿ ಹೊಡೆದು ಕಳಿಸಬಹುದು, ಆದರೆ ಪ್ರಿಂಟರ್ ತಾನಾಗಿ ಅವರ ಕಂಪ್ಯೂಟರಿನ ಪ್ರಿಂಟರ್ ಪಟ್ಟಿಯಲ್ಲಿ ಕಾಣುವುದಿಲ್ಲ. ಹುಡುಕುವ ಕೂಗು ರೂಟರ್ ದಾಟುವುದಿಲ್ಲವಲ್ಲ. ಕೆಳಗಿನವರಿಗೆ 192.168.0.12 ಹೊರಗಿನದು. ಅವರ ಕಂಪ್ಯೂಟರ್ ಅದನ್ನು ಮುಖ್ಯ ರೂಟರಿಗೆ ಒಪ್ಪಿಸುತ್ತದೆ, ಅದಕ್ಕೆ ಆ ದಾರಿಯೇ ಗೊತ್ತಿಲ್ಲ.

ಎರಡನೇ ರೂಟರಿನಲ್ಲಿ ಬೇರೆ ಜಾಲ ಮಾಡದೆ ವೈಫೈ ಮಾತ್ರ ಕೊಡುವ 'ಆಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಮೊದಲು ಅದರ ಲ್ಯಾನ್ (ಒಳಜಾಲದ) ಐಪಿಯನ್ನು 192.168.1.2 ಮಾಡಿ, ನಂತರ ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೊನೆಗೆ ಕೆಳಗಿನಿಂದ ಬರುವ ಕೇಬಲನ್ನು ವ್ಯಾನ್ (ಹೊರಗಿನ ಲೈನಿನ) ಪೋರ್ಟಿನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ವಿಳಾಸ ಹಂಚುವವರು ಇಬ್ಬರಾಗುತ್ತಾರೆ, 'ಬೆಳಿಗ್ಗೆ ಸರಿಯಿತ್ತು, ಮಧ್ಯಾಹ್ನ ಇಲ್ಲ' ಎಂಬ ತಲೆನೋವು ಶುರು. ಪ್ರಿಂಟರಿಗೆ 50ನ್ನು ಸ್ಥಿರವಾಗಿ ಕೊಟ್ಟು, ಮುಖ್ಯ ರೂಟರ್ ಹಂಚುವ ವಿಳಾಸಗಳನ್ನು 100ರಿಂದ 200ರೊಳಗೆ ಇಡಿ. ಇಷ್ಟಾದರೂ ಫೋಲ್ಡರ್ ತೆರೆಯದಿದ್ದರೆ ವಿಂಡೋಸ್‌ನಲ್ಲಿ ಆ ಜಾಲ 'ಪಬ್ಲಿಕ್' ಎಂದಿರಬಹುದು, 'ಪ್ರೈವೇಟ್' ಮಾಡಿ. 169.254ರಿಂದ ಶುರುವಾಗುವ ವಿಳಾಸ ಕಂಡರೆ ಡಿಎಚ್‌ಸಿಪಿ ಸಿಕ್ಕೇ ಇಲ್ಲ ಎಂದರ್ಥ, ಕೇಬಲ್ ನೋಡಿ.

ಫೋಟೊ ಸ್ಟುಡಿಯೊದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ 40 ಜಿಬಿ ಮದುವೆ ಫೋಟೊ ಹೋಗಲು ಸುಮಾರು ಒಂದು ಗಂಟೆ ಬೇಕು. ನೂರು ಎಂಬಿಪಿಎಸ್ ಪ್ಲಾನನ್ನು ಮುನ್ನೂರಕ್ಕೆ ಏರಿಸಲೇ?
— ಓದುಗರು, ಚಿಕ್ಕಮಗಳೂರು

ದುಡ್ಡು ಉಳಿಸಿಕೊಳ್ಳಿ. ಆ ಫೋಟೊಗಳು ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲ. ನೂರು ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್, 40 ಜಿಬಿಗೆ 53 ನಿಮಿಷ. ನಿಮ್ಮ ಲೆಕ್ಕ ಅದಕ್ಕೇ ಕೂಡುತ್ತದೆ, ಅಂದರೆ ಒಳಗಿನ ಲಿಂಕ್ ನೂರರಲ್ಲೇ ನಿಂತಿದೆ. ಸ್ವಿಚ್ ಹಳೆಯ 10/100 ಆಗಿರಬೇಕು, ಇಲ್ಲವೇ ಕೇಬಲಿನಲ್ಲಿ ಒಂದು ಜೋಡಿ ತಂತಿ ಕಡಿದಿರಬೇಕು. ನೂರಕ್ಕೆ 1, 2, 3, 6ನೇ ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕನೆಕ್ಟರ್ ಹೊಸದಾಗಿ ಕ್ರಿಂಪ್ ಮಾಡಿಸಿ, ಗಿಗಾಬಿಟ್ ಸ್ವಿಚ್ ಹಾಕಿದರೆ ಏಳೆಂಟು ನಿಮಿಷದ ಕೆಲಸ. ಹಾರ್ಡ್ ಡಿಸ್ಕ್ ನಿಧಾನದ್ದಾದರೆ ಸ್ವಲ್ಪ ಹೆಚ್ಚು.

ತೋಟದ ಕಣದಲ್ಲಿ ಕಾಫಿ ಒಣಗಿಸುವಾಗ ನೋಡಿಕೊಳ್ಳಲು ಕ್ಯಾಮೆರಾ ಹಾಕಿಸಿದ್ದೇವೆ. ಮನೆಯಿಂದ 140 ಮೀಟರ್ ಕ್ಯಾಟ್ 6 ಕೇಬಲ್ ಎಳೆದಿದೆ, ಆಗಾಗ ಬಂದ್ ಆಗುತ್ತದೆ. ಪೋರ್ಟ್ ಫಾರ್ವರ್ಡ್ ಮಾಡಿದರೂ ಬೆಂಗಳೂರಿನಲ್ಲಿರುವ ಮಗನಿಗೆ ಕಾಣುವುದಿಲ್ಲ.
— ಓದುಗರು, ಮೂಡಿಗೆರೆ

ಎರಡು ಬೇರೆ ಬೇರೆ ತೊಂದರೆ. ತಾಮ್ರದ ಈಥರ್ನೆಟ್‌ಗೆ ಮಿತಿ 100 ಮೀಟರ್. ಅದರಾಚೆ ಸಿಗ್ನಲ್ಲೂ ಕುಂದುತ್ತದೆ, ಅದೇ ತಂತಿಯಲ್ಲಿ ಕ್ಯಾಮೆರಾಗೆ ಕರೆಂಟ್ ಕೊಟ್ಟಿದ್ದರೆ ವೋಲ್ಟೇಜೂ ಇಳಿಯುತ್ತದೆ. ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಕ್ಯಾಮೆರಾ ರೀಸ್ಟಾರ್ಟ್ ಆಗುವುದು ಇದಕ್ಕೇ. ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಸಿಗ್ನಲ್ಲಿಗೆ, ಅದನ್ನು ಬೆಳಕಿಗೆ ಬದಲಿಸುವ ಪೆಟ್ಟಿಗೆ) ಹಾಕಿಸಿ, ಕಣದಲ್ಲಿ ಬೇರೆ ಕರೆಂಟ್ ಕೊಡಿ. ಒಳಗೆ ಲೋಹದ ತಂತಿಯಿಲ್ಲದ ಫೈಬರನ್ನೇ ಕೇಳಿ: ಮಲೆನಾಡಿನ ಏಪ್ರಿಲ್ ಸಿಡಿಲಿಗೆ ತಾಮ್ರ ದಾರಿ ಮಾಡಿಕೊಡುತ್ತದೆ, ಗಾಜು ಕೊಡುವುದಿಲ್ಲ. ವೈರ್‌ಲೆಸ್ ಬ್ರಿಡ್ಜ್ ಅಗ್ಗ, ನಿಜ. ಆದರೆ ನಡುವೆ ಸಿಲ್ವರ್ ಓಕ್ ಇದ್ದರೆ ಮಳೆಗಾಲದಲ್ಲಿ ಒದ್ದೆ ಎಲೆ ಸಿಗ್ನಲನ್ನು ನುಂಗುತ್ತದೆ.

ಎರಡನೆಯದಕ್ಕೆ, ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರೊಳಗೆ ಅಥವಾ 10ರಿಂದ ಶುರುವಾಗಿದ್ದರೆ ಸೇವೆ ಕೊಡುವವರೂ ಒಂದು ನ್ಯಾಟ್ ಹಾಕಿದ್ದಾರೆ. ಪೋರ್ಟ್ ಫಾರ್ವರ್ಡ್ ಮಾಡಿ ನಿಮ್ಮ ರೂಟರಿನಲ್ಲಿ ಬಾಗಿಲು ತೆರೆದರೂ ಆಚೆ ಅವರ ಬಾಗಿಲು ಮುಚ್ಚಿದೆ. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬಹುದು. ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ ಡಿವಿಆರ್‌ನಲ್ಲಿ ಪಿ2ಪಿ ಕ್ಲೌಡ್ ಐಡಿ ಇದ್ದರೆ ಅದು ಸುಲಭ: ಡಿವಿಆರ್ ಒಳಗಿನಿಂದ ತಾನೇ ಹೊರಗೆ ಕರೆ ಮಾಡುವುದರಿಂದ ನ್ಯಾಟ್ ತಡೆಯುವುದಿಲ್ಲ. ಯಾವುದೇ ಆಗಲಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಇವತ್ತೇ ಬದಲಿಸಿ.

ಹೊಸ ರೂಟರ್ ಹಾಕಿದ ಮೇಲೆ ಕೆಲವು ವೆಬ್‌ಸೈಟ್ ಮಾತ್ರ ಅರ್ಧಕ್ಕೇ ನಿಲ್ಲುತ್ತವೆ. ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತದೆ, ಫೋಟೊ ಹೋಗುವುದಿಲ್ಲ. ಸ್ಪೀಡ್ ಸರಿಯಾಗಿದೆ.
— ಓದುಗರು, ಕೊಪ್ಪ

ಸಣ್ಣದು ಹೋಗಿ ದೊಡ್ಡದು ನಿಂತರೆ ಮೊದಲ ಅನುಮಾನ ಎಂಟಿಯು ಮೇಲೆ, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರದ ಮೇಲೆ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಲೈನ್ ಪಿಪಿಪಿಒಇ ಲಾಗಿನ್‌ನದಾದರೆ (ರೂಟರಿನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವಂಥದ್ದು) ಅದಕ್ಕೆ 8 ಬೈಟ್ ಹೋಗಿ 1492 ಉಳಿಯುತ್ತದೆ. ಅದಕ್ಕಿಂತ ದೊಡ್ಡದು ಬಂದಾಗ 'ಚಿಕ್ಕದು ಮಾಡಿ ಕಳಿಸು' ಎಂಬ ಸೂಚನೆ ವಾಪಸ್ ಹೋಗಬೇಕು. ದಾರಿಯಲ್ಲಿ ಯಾವುದೋ ಫೈರ್‌ವಾಲ್ ಆ ಸೂಚನೆಯನ್ನು ತಡೆದರೆ ಕಳಿಸುವವರು ಅಷ್ಟೇ ದೊಡ್ಡದನ್ನು ಮತ್ತೆ ಮತ್ತೆ ಕಳಿಸುತ್ತಾರೆ.

ಪರೀಕ್ಷಿಸಲು ವಿಂಡೋಸ್‌ನಲ್ಲಿ 'ಪಿಂಗ್ -ಎಫ್ -ಎಲ್ 1472 1.1.1.1' ಕೊಡಿ. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ಆಮೇಲೆ 1472ರ ಜಾಗದಲ್ಲಿ 1464 ಹಾಕಿ ನೋಡಿ. ಎರಡಕ್ಕೂ 28 ಬೈಟ್ ಹೆಡರ್ ಸೇರುತ್ತದೆ. ಮೊದಲನೆಯದು ಸೋತು ಎರಡನೆಯದು ಹೋದರೆ ರೂಟರಿನ ವ್ಯಾನ್ ಎಂಟಿಯು 1492 ಮಾಡಿ. ದೊಡ್ಡ ಪ್ಯಾಕೆಟ್ ಕಳಿಸದಂತೆ ಎರಡೂ ಕಡೆಗೆ ಮೊದಲೇ ಮಿತಿ ಹೇಳುವ 'ಎಂಎಸ್‌ಎಸ್ ಕ್ಲ್ಯಾಂಪಿಂಗ್' ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. 1464 ಕೂಡ ಹೋಗದಿದ್ದರೆ ಹತ್ತು ಹತ್ತು ಇಳಿಸುತ್ತಾ ಹೋಗಿ, ಹೋದ ಸಂಖ್ಯೆಗೆ 28 ಕೂಡಿಸಿ ಅದನ್ನೇ ಎಂಟಿಯು ಆಗಿ ಇಡಿ.